ಆಟದೊಳಗಿನ ಬೇಚರಾಕ್ ಊರುಗಳು

ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿರುತ್ತಿದ್ದ ‘ವಿಡಿಯೊ ಗೇಮ್’ ಅನೇಕರಿಗೆ ನೆನಪಿರಬೇಕು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಹಿಂಬದಿಯಲ್ಲಿ ಪೆನ್ಸಿಲ್ ಸೆಲ್ಲು, ಬೂದು ಪರದೆಯ ಮೇಲೆ ಉದುರುವ ಇಟ್ಟಿಗೆಗಳು. ಪೊಟ್ಟಣದ ಮೇಲೆ ಮಾತ್ರ ದಪ್ಪಕ್ಷರದಲ್ಲಿ ‘9999 ಇನ್ 1’. ಕೊಂಡ ಮನೆಯ ಮಕ್ಕಳಿಗೆ ವಾರದೊಳಗೇ ಲೆಕ್ಕ ಸಿಕ್ಕಿಬಿಡುತ್ತಿತ್ತು: ಆಟಗಳಿರುವುದು ಬೆರಳೆಣಿಕೆಯಷ್ಟು, ಮಿಕ್ಕಿದ್ದೆಲ್ಲ ವೇಗವನ್ನೋ ಹಂತವನ್ನೋ ಬದಲಿಸಿದ ಅವೇ ಆಟಗಳು. ಪೊಟ್ಟಣ ಹೇಳಿದ್ದಕ್ಕಿಂತ ಒಳಗಿರುವುದು ಕಡಿಮೆ ಎಂಬ ಈ ವ್ಯಾಪಾರ ನಮಗೆ ಹೊಸದಲ್ಲ. ಇದರ ತಿರುಗಾಮುರುಗಾ ಸಂಗತಿಯೊಂದಿದೆ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಮಾರುಕಟ್ಟೆಗೆ ತಂದ ‘ಗೇಮ್ ಬಾಯ್’ ಎಂಬ ಕೈಯಾಟದ ಯಂತ್ರಕ್ಕೆ ಬಂದ ಎಷ್ಟೋ ಆಟಗಳಲ್ಲಿ, ಪೊಟ್ಟಣ ಹೇಳಿದ್ದಕ್ಕಿಂತ ಒಳಗಿರುವುದೇ ಹೆಚ್ಚು. ಯಾರೂ ಎದುರಿಸಲಾಗದ ಎದುರಾಳಿಗಳು, ಯಾರೂ ತಲುಪದ ಘಟನೆಗಳು, ಹೆಸರೇ ಇಲ್ಲದ ಪ್ರಾಣಿಗಳು, ಆಟವನ್ನು ತುಂಬಿ ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಬಿಲ್ಲೆಯೊಳಗೆ ಕುಳಿತೇ ಇರುತ್ತವೆ. ವಿಚಿತ್ರ ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ‘ಪೋಕೆಮಾನ್’ ಎಂಬ ಆಟವನ್ನು ಆಡಿ ಬೆಳೆದ ಹುಡುಗರು ಇವುಗಳ ಬಗ್ಗೆ ಅರ್ಧಂಬರ್ಧ ಕೇಳಿರುತ್ತಾರೆ. ‘ರಹಸ್ಯ’ ಎಂಬ ಪದ ಕೂಡಲೇ ನಾಲಗೆಗೆ ಬರುತ್ತದೆ. ರಹಸ್ಯವೆಂದರೆ ಯಾರೋ ಬೇಕೆಂದೇ ಬಚ್ಚಿಟ್ಟದ್ದು. ಇಲ್ಲಿ ಹೆಚ್ಚಿನವನ್ನು ಯಾರೂ ಬಚ್ಚಿಟ್ಟಿಲ್ಲ. ಅಲ್ಲಿಗೆ ಹೋಗುವ ದಾರಿ ಮಾತ್ರ ಇಲ್ಲ.

ದೀಪವಿಲ್ಲದ ಊರು

ಈ ವಿಚಾರ ಅರ್ಥವಾಗಲು ಕಂಪ್ಯೂಟರಿಗಿಂತ ತಾಲ್ಲೂಕು ಕಚೇರಿ ಹೆಚ್ಚು ನೆರವಾಗುತ್ತದೆ. ಗುಂಡ್ಲುಪೇಟೆಯದ್ದೋ ಚಾಮರಾಜನಗರದ್ದೋ ಕಂದಾಯ ಗ್ರಾಮಗಳ ಪಟ್ಟಿ ತೆಗೆದರೆ ಕೆಲವು ಹೆಸರುಗಳ ಮುಂದೆ ‘ಬೇಚರಾಕ್’ ಎಂದು ಬರೆದಿರುತ್ತದೆ. ಊರಿಗೊಂದು ಹೆಸರಿದೆ, ಎಲ್ಲೆಗಲ್ಲುಗಳಿವೆ, ನಕಾಶೆಯಿದೆ, ಸರ್ವೆ ನಂಬರುಗಳಿವೆ, ಪಹಣಿಯೂ ಸಿಗುತ್ತದೆ. ಮನೆ ಮಾತ್ರ ಒಂದೂ ಇಲ್ಲ. ಪ್ಲೇಗು ಬಂದೋ ನೀರು ಬತ್ತಿಯೋ ಕಾಡು ಒತ್ತಿಕೊಂಡೋ ಎಂದೋ ಜನ ಎದ್ದುಹೋದ ಊರುಗಳಿವು. ಪದದ ಮೂಲ ಪಾರಸಿಯ ‘ಬೇ-ಚಿರಾಗ್’, ಅಂದರೆ ದೀಪವಿಲ್ಲದ್ದು. ಕಂದಾಯದ ಗುಮಾಸ್ತರು ಇಷ್ಟು ಚಂದದ ಪದವನ್ನು ಇಷ್ಟು ನಿರ್ಭಾವುಕವಾಗಿ ಬಳಸುತ್ತಾ ಬಂದಿರುವುದು ಸೋಜಿಗವೇ.

ಜನವೇ ಇಲ್ಲದ ಊರನ್ನು ದಾಖಲೆಯಿಂದ ಕಿತ್ತುಹಾಕಬಾರದೇಕೆ? ಜನ ಹೋದರೂ ಹೊಲಗಳು ಇದ್ದಲ್ಲೇ ಇವೆ, ಊರನ್ನು ಕಿತ್ತರೆ ಅವುಗಳ ಸರ್ವೆ ನಂಬರುಗಳಿಗೆ ನೆಲೆ ತಪ್ಪುತ್ತದೆ ಎಂಬುದೇ ತೊಡಕು. ಆ ಸಂಖ್ಯೆಗಳನ್ನು ನಂಬಿಕೊಂಡ ಕ್ರಯಪತ್ರ, ಅಡಮಾನ ಪತ್ರ, ಕೋರ್ಟಿನ ಡಿಕ್ರಿ, ಬ್ಯಾಂಕಿನ ಸಾಲದ ಕಡತ ಎಲ್ಲವೂ ತಪ್ಪಾಗುತ್ತವೆ. ಹಾಗಾಗಿಯೇ ಜಮೀನು ಭಾಗವಾದಾಗಲೂ ಸರ್ವೆಯವರು ಹೊಸದಾಗಿ ಎಣಿಸುವುದಿಲ್ಲ. 45ನೇ ನಂಬರನ್ನು ಪೋಡಿ ಮಾಡಿ 45/1, 45/2 ಎನ್ನುತ್ತಾರೆ, 46 ಇದ್ದಲ್ಲೇ ಇರುತ್ತದೆ. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಜಿಲ್ಲೆ ಬೇರೆಯಾಯಿತು. ಆಫೀಸು ಬದಲಾಯಿತು, ಬೋರ್ಡು ಬದಲಾಯಿತು, ಹೊಲದ ನಂಬರು ಬದಲಾಗಲಿಲ್ಲ.

ಪೋಕೆಮಾನ್ ಆಟದೊಳಗೂ ಇಂಥದೇ ಒಂದು ಪಟ್ಟಿಯಿದೆ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೊದಲ ಆಟದಲ್ಲಿ ಪ್ರಾಣಿಗಳು 151. ಆದರೆ ಬಿಲ್ಲೆಯ ಮೆಮೊರಿ ಚಿಪ್ಪಿನೊಳಗಿನ ಪಟ್ಟಿಯಲ್ಲಿರುವ ಸ್ಥಾನಗಳು 190. ಉಳಿಯುವ 39 ಜಾಗಗಳಲ್ಲಿ ಇಂಗ್ಲಿಷ್ ಆವೃತ್ತಿ ಒಂದೇ ಹೆಸರನ್ನು ಬರೆದಿಟ್ಟಿದೆ: ‘ಮಿಸಿಂಗ್‌ನೋ’, ಅಂದರೆ ‘ಸಂಖ್ಯೆ ಇಲ್ಲ’. ಕಂದಾಯದವರ ಭಾಷೆಯಲ್ಲಿ ಹೇಳುವುದಾದರೆ 39 ಬೇಚರಾಕ್ ಗ್ರಾಮಗಳು. ಆಟಗಾರನ ಕೈಗೆ ಸಿಗುವ ‘ಪೋಕೆಡೆಕ್ಸ್’ ಎಂಬ ಪುಸ್ತಕದ ಕ್ರಮವೇ ಬೇರೆ. ಅಲ್ಲಿ ಒಂದನೆಯದು ಬಲ್ಬಸಾರ್, ಕೊನೆಯದು ಮ್ಯೂ. ಒಳಪಟ್ಟಿಯಲ್ಲಿ ಒಂದನೆಯದು ರೈಡಾನ್, ಮ್ಯೂ 21ನೆಯದು. ಒಳಗಿನದು ಕೆಲಸಕ್ಕೆಂದು ಬೆಳೆದ ಪಟ್ಟಿ, ಹೊರಗಿನದು ನೋಟಕ್ಕೆಂದು ಜೋಡಿಸಿದ್ದು. ಊರುಗಳ ವಿಷಯದಲ್ಲೂ ಹೀಗಾಗುವುದುಂಟು. ಮೂರನೇ ಕೃಷ್ಣರಾಜ ಒಡೆಯರು 1818ರಲ್ಲಿ ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. ಅದಕ್ಕೂ ಹಿಂದಿನ ಕಲ್ಲಿನಲ್ಲಿ ಕೆತ್ತಿದ್ದ ಹೆಸರನ್ನು ಯಾರೂ ತಿದ್ದಲು ಹೋಗಲಿಲ್ಲ. ಹೊರಗಿನ ಹೆಸರಿಗೂ ಒಳಗಿನ ದಾಖಲೆಗೂ ನಡುವೆ ಒಂದು ಹೊಂದಿಕೆ ಪಟ್ಟಿ ಇದ್ದರೆ ಸಾಕು. ಪೋಕೆಮಾನ್ ತಯಾರಿಸಿದ ಗೇಮ್ ಫ್ರೀಕ್ ಕಂಪನಿಯವರು ಮಾಡಿದ್ದೂ ಅದನ್ನೇ.

ಕೈಮರ ಇಲ್ಲದ ದಾರಿ

ಪಟ್ಟಿಯಲ್ಲಿ ಇರುವುದು ಬೇರೆ, ಪರದೆಯ ಮೇಲೆ ಬರುವುದು ಬೇರೆ. ಗುಂಡ್ಲುಪೇಟೆಯನ್ನು ನೋಡಿ. ಮೈಸೂರಿನಿಂದ ಬಂದವರು ಇಲ್ಲಿ ಕವಲೊಡೆಯುತ್ತಾರೆ: ಬಂಡೀಪುರದ ಮೇಲೆ ಊಟಿಗೆ ಒಂದು ದಾರಿ, ಮದ್ದೂರು ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ ಇನ್ನೊಂದು, ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಮತ್ತೊಂದು. ಹೊಸಬರು ಕೈಮರ ನೋಡಿ ಗಾಡಿ ತಿರುಗಿಸುತ್ತಾರೆ. ಗೇಮ್ ಬಾಯ್‌ನ ಪ್ರೊಸೆಸರ್ ಎಂದೆಂದಿಗೂ ಹೊಸಬನೇ. ಚಿಪ್ಪಿನೊಳಗೆ ಏನೇನಿದೆಯೆಂದು ಅದು ಒಮ್ಮೆಯೂ ಸುತ್ತಿ ನೋಡುವುದಿಲ್ಲ. ‘ಈಗ ಇಂಥ ವಿಳಾಸಕ್ಕೆ ಹೋಗು, ಅಲ್ಲಿರುವುದನ್ನು ಓದು’ ಎಂಬ ಸೂಚನೆ ಸಿಕ್ಕಿದಂತೆ ನಡೆಯುತ್ತದೆ. ಎಂಜಿನಿಯರುಗಳು ಪಾಯಿಂಟರ್ ಎಂದು ಕರೆಯುವ ಈ ಸೂಚನೆಯನ್ನು ನಾವಿಲ್ಲಿ ಕೈಮರ ಎನ್ನೋಣ. ಕೈಮರ ತೋರಿಸದ ಊರು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಪ್ರೊಸೆಸರಿನ ಮಟ್ಟಿಗೆ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಪ್ರೊಫೆಸರ್ ಓಕ್. ಆಟದ ಆರಂಭದಲ್ಲಿ ಹುಡುಗನ ಕೈಗೆ ಮೊದಲ ಪೋಕೆಮಾನ್ ಕೊಟ್ಟು ಕಳಿಸುವ ಮೇಷ್ಟ್ರು. ಆಟದುದ್ದಕ್ಕೂ ಇವರು ಯಾರೊಡನೆಯೂ ಕಾದಾಡುವುದಿಲ್ಲ. ಆದರೆ ಚಿಪ್ಪಿನೊಳಗಿನ ಎದುರಾಳಿಗಳ ಪಟ್ಟಿಯಲ್ಲಿ ಅವರ ಹೆಸರಿದೆ, ಚಿತ್ರವಿದೆ, ಒಂದಲ್ಲ ಮೂರು ತಂಡಗಳಿವೆ. ಬಲದ ಅಳತೆಯಲ್ಲಿ 66ನೇ ಹಂತದ ಟಾರಸ್ ಎಂಬ ಪ್ರಾಣಿಯಿಂದ ಶುರುವಾಗಿ 70ನೇ ಹಂತದ ಗ್ಯಾರಡೋಸ್‌ನಲ್ಲಿ ಮುಗಿಯುವ ಸಾಲು ಅದು. ಮೂರು ತಂಡಗಳಿಗೆ ಇರುವ ವ್ಯತ್ಯಾಸ ಒಂದೇ, ಆರಂಭದಲ್ಲಿ ಮಕ್ಕಳಿಗೆ ಆರಿಸಿಕೊಳ್ಳಲು ಕೊಡುವ ಮೂರು ಪ್ರಾಣಿಗಳಲ್ಲಿ ಯಾವುದರ ಬೆಳೆದ ರೂಪ ಮೇಷ್ಟ್ರ ಪಾಲಿಗೆ ಬಂತು ಎಂಬುದು. ಆಟದ ಕಟ್ಟಕಡೆಯ ಎದುರಾಳಿಯ ಬಲ 65ನೇ ಹಂತಕ್ಕೇ ನಿಲ್ಲುತ್ತದೆ. ಅವನನ್ನೂ ಮೀರಿಸಿದ ತಂಡವನ್ನು ಸುಮ್ಮನೆ ಪ್ರಯೋಗಕ್ಕೆಂದು ಯಾರೂ ಇಷ್ಟು ಅಚ್ಚುಕಟ್ಟಾಗಿ ಜೋಡಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಶಿಷ್ಯ ಗುರುವಿನೊಡನೆಯೇ ಸೆಣಸುವ ಒಂದು ಪ್ರಸಂಗ ಯಾರದೋ ಮನಸ್ಸಿನಲ್ಲಿ ಇದ್ದಿರಬೇಕೆಂದು ಊಹಿಸಬಹುದು. ಊಹೆ ಏನೇ ಇರಲಿ, ಆಟದ ಯಾವ ಊರಿನಲ್ಲೂ, ಯಾವ ಮನೆಯಲ್ಲೂ, ಆ ಮೂರು ತಂಡಗಳತ್ತ ತೋರುವ ಕೈಮರವಿಲ್ಲ.

‘ಇಲ್ಲ’ ಎಂದು ಇಷ್ಟು ಖಚಿತವಾಗಿ ಹೇಳುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕಾಡಿನಲ್ಲಿ ಒಂದು ಪ್ರಾಣಿ ಇಲ್ಲವೆಂದು ಸಾಧಿಸುವುದು ಕಷ್ಟ. ಚಿಪ್ಪು ಕಾಡಲ್ಲ. ಇಂಗ್ಲಿಷ್ ಆವೃತ್ತಿಯ ಚಿಪ್ಪಿನಲ್ಲಿರುವುದು ಒಂದು ಮೆಗಾಬೈಟ್, ಅಂದರೆ ಬೈಟ್ ಎಂಬ 10,48,576 ಪುಟ್ಟ ಖಾನೆಗಳು. ಒಂದನ್ನೂ ಬಿಡದೆ ಎಲ್ಲವನ್ನೂ ಓದಬಹುದು, ಆಸಕ್ತರು ಓದಿಯೂ ಆಗಿದೆ. ಪ್ರತಿ ಖಾನೆಯೂ ಆದೇಶವೋ ಚಿತ್ರವೋ ಮಾತೋ ರಾಗವೋ ಎಂದು ಗುರುತು ಹಾಕಿ, ಯಾವುದು ಯಾವುದನ್ನು ಕರೆಯುತ್ತದೆ ಎಂಬ ನಕಾಶೆ ಬರೆದಿದ್ದಾರೆ. ಆಟಗಾರ ಕೈಮರ ಹಿಡಿದು ನಡೆಯುವವನಾದರೆ ಇವರು ಸರಪಳಿ ಹಿಡಿದು ಅಳೆಯುವ ಸರ್ವೆಯವರು. ಬೇಚರಾಕ್ ಊರು ಸಿಗುವುದು ಇವರಿಗೇ.

ಜಾಗಕ್ಕೆ ದುಡ್ಡಲ್ಲವೇ?

ಇನ್ನೊಂದು ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಆ ಕಾಲದಲ್ಲಿ ಮೆಮೊರಿ ದುಬಾರಿ. ಒಂದೊಂದು ಬೈಟನ್ನೂ ಅಳೆದು ಸುರಿದು ಆಟ ಕಟ್ಟುತ್ತಿದ್ದವರು ಬೇಡದ ಸಾಮಾನನ್ನು ಒಳಗೇ ಬಿಡುತ್ತಾರೆಯೇ? ಬಿಟ್ಟರೆಂದರೆ ಅದು ಸೋಮಾರಿತನವೋ ಕಿಡಿಗೇಡಿತನವೋ ಇರಬೇಕಲ್ಲವೇ? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಚಿಪ್ಪು ಮಾರುವ ಅಳತೆಯಲ್ಲಿದೆ. ಆಟದ ಬಿಲ್ಲೆಗೆ ಹಾಕುವ ಚಿಪ್ಪು ಸೊಪ್ಪಿನಂತೆ ಬೇಕಾದಷ್ಟು ತೂಗಿ ಕೊಳ್ಳುವ ಪದಾರ್ಥವಲ್ಲ. 128, 256, 512, 1024 ಕಿಲೋಬೈಟ್, ಹೀಗೆ ಇಮ್ಮಡಿಯಾಗುತ್ತಾ ಹೋಗುವ ಗಾತ್ರಗಳಲ್ಲಿ ಮಾತ್ರ ಸಿಗುತ್ತದೆ. ನಿಮ್ಮ ಆಟ 400 ಕಿಲೋಬೈಟ್ ಆದರೂ 500 ಆದರೂ ಕೊಳ್ಳಬೇಕಾದದ್ದು 512ರ ಚಿಪ್ಪನ್ನೇ. ಅರಿಶಿನ ಸಾಗಿಸಲು ಲಾರಿ ಗೊತ್ತುಮಾಡಿದ ಮೇಲೆ ಎರಡು ಮೂಟೆ ಕೆಳಗಿಳಿಸಿದರೆ ಬಾಡಿಗೆ ಇಳಿಯುವುದಿಲ್ಲ. ಜಪಾನಿನ ಮೊದಲ ಪೋಕೆಮಾನ್ ಇದ್ದದ್ದು ಅಂಥ 512 ಕಿಲೋಬೈಟ್ ಚಿಪ್ಪಿನಲ್ಲಿ. ಓಕ್ ಮೇಷ್ಟ್ರ ಮೂರು ತಂಡಗಳಿಗೆ ತಗಲುವುದು ಹತ್ತಾರು ಬೈಟ್ ಅಷ್ಟೇ. ಕಿತ್ತರೆ ಉಳಿತಾಯ ಸೊನ್ನೆ.

ಕಿತ್ತರೆ ಆಗುವ ಖರ್ಚು ಮಾತ್ರ ಸೊನ್ನೆಯಲ್ಲ. ಗೇಮ್ ಬಾಯ್‌ನ ಆಟಗಳನ್ನು ಬಹುಪಾಲು ಅಸೆಂಬ್ಲಿ ಭಾಷೆಯಲ್ಲಿ, ಯಂತ್ರದ ಹಂತಕ್ಕೆ ಇಳಿದು ಬರೆಯುತ್ತಿದ್ದರು. ಯಾವ ತುಣುಕು ಯಾರಿಗೂ ಬೇಡವಾಗಿದೆ ಎಂದು ತಾನೇ ಹುಡುಕಿ ಬಿಸಾಡುವ ಇಂದಿನ ಸಲಕರಣೆಗಳ ಸುಖ ಅವರಿಗಿರಲಿಲ್ಲ. ತಿಂಗಳುಗಟ್ಟಲೆ ಆಡಿ ನೋಡಿ ತಪ್ಪು ಹುಡುಕಿ ಮುಗಿಸಿದ ಮೇಲೆ ಪಟ್ಟಿಯ ಒಂದು ಸಾಲು ತೆಗೆದರೆ, ಆ ಸಂಖ್ಯೆಗಳನ್ನು ನಂಬಿದ ಪ್ರತಿಯೊಂದು ಕಡೆಯೂ ಮತ್ತೆ ಪರೀಕ್ಷೆಯಾಗಬೇಕು. ಪ್ರಾಣಿಗಳ ಪಟ್ಟಿ ಒಂದೇ ಅಲ್ಲ: ಅದೇ ಕ್ರಮದಲ್ಲಿ ಹೆಸರುಗಳ ಪಟ್ಟಿ, ಕೂಗುಗಳ ಪಟ್ಟಿ, ಬೆಳೆದು ರೂಪ ಬದಲಿಸುವ ವಿವರಗಳ ಪಟ್ಟಿ ಇರುತ್ತವೆ, ಒಂದರಲ್ಲಿ ತೆಗೆದು ಇನ್ನೊಂದರಲ್ಲಿ ಮರೆತರೆ ಬೆಕ್ಕು ಬೊಗಳುತ್ತದೆ. ಇಷ್ಟೆಲ್ಲ ಆದ ಮೇಲೆ ಚಿಪ್ಪನ್ನು ಕಾರ್ಖಾನೆಯಲ್ಲಿ ಅಚ್ಚುಹಾಕಿದಂತೆ ತಯಾರಿಸುತ್ತಾರೆ, ತಪ್ಪಿದ್ದರೆ ತಿದ್ದುವ ಅವಕಾಶವೇ ಇಲ್ಲ. ಇಂದು ಮೊಬೈಲಿಗೆ ವಾರಕ್ಕೊಮ್ಮೆ ಬಂದು ಬೀಳುವ ಅಪ್‌ಡೇಟ್ ಆಗ ಕನಸಿನಲ್ಲೂ ಇರಲಿಲ್ಲ. ಬಿಟ್ಟರೆ ಏನೂ ಆಗದ, ತೆಗೆದರೆ ಏನಾದರೂ ಆಗಬಹುದಾದ ವಸ್ತುವನ್ನು ಬುದ್ಧಿ ಇರುವವರು ಮುಟ್ಟುವುದಿಲ್ಲ. ಸೋಮಾರಿತನ ಎನ್ನುವವರು ಒಮ್ಮೆ ಒಂದು ಹಳೆಯ ಪಹಣಿ ತಿದ್ದಿಸಿ ನೋಡಲಿ.

ರವಿ ಎಂಬ ಹುಡುಗನ ಹೆಸರು

ಹಾಗಾದರೆ ಕೈಮರವೇ ಇಲ್ಲದ ಮಿಸಿಂಗ್‌ನೋ ಲೋಕಪ್ರಸಿದ್ಧವಾದದ್ದು ಹೇಗೆ? ಎಷ್ಟೋ ಮಕ್ಕಳು ಅದನ್ನು ಕಣ್ಣಾರೆ ಕಂಡರಲ್ಲ? ನನ್ನ ವಾದಕ್ಕೆ ಇದು ಅಡ್ಡ ಬರುವಂತೆ ಕಂಡರೂ, ಕೈಮರದ ಕೆಲಸ ಇಲ್ಲಿ ಕಂಡಷ್ಟು ಸ್ವಚ್ಛವಾಗಿ ಬೇರೆಲ್ಲೂ ಕಾಣುವುದಿಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಆಟದಲ್ಲಿ ವಿರಿಡಿಯನ್ ಎಂಬ ಊರಿದೆ. ಅಲ್ಲೊಬ್ಬ ಮುದುಕ ಪೋಕೆಮಾನ್ ಹಿಡಿಯುವುದು ಹೇಗೆಂದು ತಾನೇ ಹಿಡಿದು ತೋರಿಸುತ್ತಾನೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಆಟಗಾರನ ಹೆಸರಿನ ಬದಲು ‘ಓಲ್ಡ್ ಮ್ಯಾನ್’ ಎಂದು ಬರಬೇಕು. ಗೇಮ್ ಬಾಯ್‌ಗೆ ಇದ್ದ ಕೆಲಸದ ಮೆಮೊರಿ ಎಂಟೇ ಕಿಲೋಬೈಟ್. ಬರೆದು ಒರೆಸಿ ಮತ್ತೆ ಬರೆಯುವ ಸ್ಲೇಟು ಎನ್ನಿ. ಸ್ಲೇಟಿನಲ್ಲಿ ಜಾಗ ಕಡಿಮೆ. ಹಾಗಾಗಿ ಆಟಗಾರನ ಹೆಸರನ್ನು ಆ ಕ್ಷಣಕ್ಕೆ ಬೇಡವಾದ ಮೂಲೆಯೊಂದಕ್ಕೆ ನಕಲು ಮಾಡಿಡುತ್ತಾರೆ. ಮಾಮೂಲಿಯಾಗಿ ಆ ಮೂಲೆಯಲ್ಲಿ ಇರುವುದು, ‘ಈ ಹುಲ್ಲಿನಲ್ಲಿ ಯಾವ ಹಂತದ ಯಾವ ಪ್ರಾಣಿ ಸಿಗುತ್ತದೆ’ ಎಂಬ ಪಟ್ಟಿ. ಮುಂದೆ ಹುಲ್ಲಿರುವ ಯಾವುದೇ ಜಾಗಕ್ಕೆ ಕಾಲಿಟ್ಟರೆ ಹೊಸ ಪಟ್ಟಿ ಅದರ ಮೇಲೆಯೇ ಬರೆಯಲ್ಪಡುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಮುದುಕನ ಪಾಠ ಮುಗಿದೊಡನೆ ಹಾರಿ ಸಿನ್ನಬಾರ್ ದ್ವೀಪಕ್ಕೆ ಹೋದರೆ, ಅಲ್ಲಿ ಹುಲ್ಲೇ ಇಲ್ಲ. ಸ್ಲೇಟು ಒರೆಸುವವರಿಲ್ಲ. ದ್ವೀಪದ ಪೂರ್ವದ ಅಂಚಿನ ಚೌಕಗಳು ಅರ್ಧ ನೀರು, ಅರ್ಧ ದಡ. ಪ್ರಾಣಿ ಎದುರಾಗಬೇಕೇ ಎಂದು ಕೇಳುವ ಲೆಕ್ಕ ಬಲ ಅರ್ಧವನ್ನು ನೋಡಿ ‘ನೀರು’ ಎನ್ನುತ್ತದೆ. ಯಾವ ಪ್ರಾಣಿ ಎಂದು ಕೇಳುವ ಲೆಕ್ಕ ಎಡ ಅರ್ಧವನ್ನು ನೋಡಿ ‘ನೆಲ’ ಎಂದುಕೊಂಡು ಹುಲ್ಲಿನ ಪಟ್ಟಿಗೆ ಕೈಹಾಕುತ್ತದೆ. ಅಲ್ಲಿರುವುದು ಆಟಗಾರನ ಹೆಸರು.

ಹುಡುಗನ ಹೆಸರು ರವಿ ಎಂದಿಟ್ಟುಕೊಳ್ಳಿ, ಇಂಗ್ಲಿಷಿನಲ್ಲಿ ಆರ್, ಎ, ವಿ, ಐ. ಯಂತ್ರಕ್ಕೆ ಅಕ್ಷರವೂ ಸಂಖ್ಯೆಯೇ: ಎ ಅಂದರೆ 128, ಐ ಅಂದರೆ 136, ವಿ ಅಂದರೆ 149. ಹೆಸರು ಮುಗಿಯಿತು ಎಂದು ಕೊನೆಗೆ ಹಾಕುವ ಗುರುತು 80. ಪಟ್ಟಿಯ ಮೊದಲ ಖಾನೆಯನ್ನು ಇಲ್ಲಿ ಬಿಡೋಣ. ಎರಡನೆಯ ಖಾನೆ ಹಂತ, ಮೂರನೆಯದು ಪ್ರಾಣಿ, ನಾಲ್ಕನೆಯದು ಹಂತ, ಐದನೆಯದು ಪ್ರಾಣಿ. ಹಾಗೆ ಓದಿದರೆ ರವಿಯ ಹೆಸರು ಹೇಳುವುದು ಇಷ್ಟು: 128ನೇ ಹಂತದ, ಒಳಪಟ್ಟಿಯ 149ನೇ ಪ್ರಾಣಿ, 136ನೇ ಹಂತದ, ಒಳಪಟ್ಟಿಯ 80ನೇ ಪ್ರಾಣಿ. 149 ಎಂದರೆ ಅಲಕಜಾಮ್. ಆಟದಲ್ಲಿ ಹಂತಕ್ಕೆ ಮಿತಿ ನೂರು, ಈ ಅಲಕಜಾಮ್ ಮಾತ್ರ 128ನೆಯದಾಗಿ ಬಂದು ನಿಲ್ಲುತ್ತದೆ. ಇನ್ನು 80 ಎಂಬುದು ಆ 39 ಬೇಚರಾಕ್ ಜಾಗಗಳಲ್ಲಿ ಒಂದು. ಮಿಸಿಂಗ್‌ನೋ ಎದುರಾಗುತ್ತದೆ. ಅದಕ್ಕೆ ಕೈಮರ ನೆಟ್ಟವರು ಗೇಮ್ ಫ್ರೀಕ್‌ನವರಲ್ಲ. ತನ್ನ ಹೆಸರನ್ನು ಬರೆದ ದಿನ ರವಿಯೇ ಗೊತ್ತಿಲ್ಲದೆ ನೆಟ್ಟಿದ್ದ.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ಯಾವುದೇ ಪ್ರಾಣಿ ಎದುರಾದರೆ ಅದನ್ನು ‘ಕಂಡೆ’ ಎಂದು ಪೋಕೆಡೆಕ್ಸ್ ಗುರುತು ಹಾಕಿಕೊಳ್ಳಬೇಕು. ಮಿಸಿಂಗ್‌ನೋಗೆ ಹೊಂದಿಕೆ ಪಟ್ಟಿಯಲ್ಲಿರುವ ಹೊರಸಂಖ್ಯೆ ಸೊನ್ನೆ. ಯಂತ್ರ ಗುರುತುಗಳನ್ನು ಸೊನ್ನೆಯಿಂದ ಎಣಿಸುವುದರಿಂದ ಮೊದಲು ಒಂದು ಕಳೆಯುತ್ತದೆ. ಒಂದೇ ಬೈಟಿನಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿಯಿಲ್ಲ, ಹಳೆಯ ಸ್ಕೂಟರಿನ ಮೀಟರು ಹಿಂದಕ್ಕೆ ತಿರುಗಿದಂತೆ ಅದು 255 ಆಗುತ್ತದೆ. ‘ಕಂಡೆ’ ಗುರುತುಗಳಿಗೆ ಇರುವ ಜಾಗ 19 ಬೈಟ್, ಬೈಟಿಗೆ ಎಂಟರಂತೆ 152 ಗುರುತು. 255ನೆಯದು ಬೇಲಿ ದಾಟಿ ಪಕ್ಕದ ಹೊಲಕ್ಕೆ ಬೀಳುತ್ತದೆ. ಪಕ್ಕದ ಹೊಲ ಆಟಗಾರನ ಜೋಳಿಗೆ. ಲೆಕ್ಕ ಹಾಕಿದರೆ ಗುರುತು ಸರಿಯಾಗಿ ಜೋಳಿಗೆಯ ಆರನೇ ಸಾಮಾನಿನ ಎಣಿಕೆಯ ಮೇಲೆ, ಅದರಲ್ಲೂ 128 ಬೆಲೆಯ ಸ್ಥಾನದ ಮೇಲೆ ಬೀಳುತ್ತದೆ. ಒಂದಿದ್ದ ಮಿಠಾಯಿ 129 ಆಗುತ್ತದೆ. ಮಕ್ಕಳು ಮಿಸಿಂಗ್‌ನೋವನ್ನು ವರ ಕೊಡುವ ದೇವತೆಯೆಂದು ತಿಳಿದರು. ನಡೆದದ್ದು ಒಂದು ಒತ್ತುವರಿ.

ಲಾರಿಯ ಕೆಳಗಿನ ಮ್ಯೂ

ಬೇಕೆಂದೇ ಬಚ್ಚಿಟ್ಟದ್ದು ಏನೂ ಇಲ್ಲವೇ ಎಂದರೆ, ಒಂದಿದೆ, ಮ್ಯೂ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸಲಕರಣೆಗಳನ್ನು ಕಡೆಗೆ ತೆಗೆದುಹಾಕಿದಾಗ ಚಿಪ್ಪಿನಲ್ಲಿ ಸುಮಾರು 300 ಬೈಟ್ ಖಾಲಿಯಾಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಸಂದಿಯಲ್ಲಿ ಒಂದು ಪ್ರಾಣಿಯನ್ನು ತೂರಿಸಿದರು. ಪರೀಕ್ಷೆ ಮುಗಿದ ಆಟವನ್ನು ಮುಟ್ಟಬಾರದೆಂಬ ನಿಯಮವನ್ನು ಮುರಿದೇ ಮಾಡಿದ ತುಂಟತನ ಇದು. ಕೈಮರ ಇಡಲಿಲ್ಲ. ಆದರೂ ಆಟದಲ್ಲಿದ್ದ ದೋಷಗಳಿಂದಾಗಿ ಅದು ಅಲ್ಲಲ್ಲಿ ತಲೆ ಹಾಕಿತು, ಸುದ್ದಿ ಹಬ್ಬಿತು. 1996ರಲ್ಲಿ ‘ಕೊರೊಕೊರೊ’ ಎಂಬ ಮಕ್ಕಳ ಪತ್ರಿಕೆ ಲಾಟರಿ ಎತ್ತಿ 20 ಜನರಿಗೆ ಮ್ಯೂ ಕೊಡುವುದಾಗಿ ಪ್ರಕಟಿಸಿದಾಗ ಬಂದ ಅರ್ಜಿಗಳು ಸುಮಾರು 78,000.

ಮ್ಯೂ ನಿಜವಾಗಿ ಒಳಗಿದೆ ಎಂದು ಗೊತ್ತಾದ ಮೇಲೆ ಅದು ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು. ವರ್ಮಿಲಿಯನ್ ಬಂದರಿನ ಮೂಲೆಯಲ್ಲಿ ಒಂದು ಲಾರಿ ನಿಂತಿದೆ. ಮಾಮೂಲಿ ಆಟದಲ್ಲಿ ಅಷ್ಟು ದೂರ ಹೋಗುವ ಮೊದಲೇ ಅಲ್ಲಿನ ಹಡಗು ಹೊರಟುಹೋಗಿ ಬಂದರಿನ ದಾರಿ ಮುಚ್ಚುತ್ತದೆ, ಉಪಾಯ ಮಾಡಿ ಹಡಗನ್ನು ನಿಲ್ಲಿಸಿಕೊಂಡವರಿಗಷ್ಟೇ ಲಾರಿ ಕಾಣುತ್ತದೆ. ಇಷ್ಟು ಕಷ್ಟದ ಜಾಗದಲ್ಲಿ, ಆಟದಲ್ಲಿ ಬೇರೆಲ್ಲೂ ಇಲ್ಲದ ಲಾರಿಯನ್ನು ಸುಮ್ಮನೆ ಯಾಕೆ ಇಡುತ್ತಾರೆ? ಲಾರಿ ತಳ್ಳಿದರೆ ಕೆಳಗೆ ಮ್ಯೂ ಇದೆ ಎಂಬ ಮಾತು ದೇಶದೇಶಗಳ ಶಾಲೆಗಳನ್ನು ಸುತ್ತಿತು. ಮ್ಯೂ ಇದ್ದದ್ದು ನಿಜ, ಲಾರಿ ಇದ್ದದ್ದೂ ನಿಜ. ಒಂದರಿಂದ ಇನ್ನೊಂದಕ್ಕೆ ಕೈಮರ ಇದ್ದದ್ದು ಮಕ್ಕಳ ತಲೆಯಲ್ಲಿ ಮಾತ್ರ. ವರ್ಷಗಳ ನಂತರ ಇದೇ ಆಟವನ್ನು ‘ಫೈರ್‌ರೆಡ್’ ಎಂದು ಹೊಸದಾಗಿ ತಂದಾಗ ತಯಾರಕರು ಆ ಲಾರಿಯ ಹತ್ತಿರ ಒಂದು ಬಿಸ್ಕತ್ತು ಇಟ್ಟರು. ಇಷ್ಟು ದೂರ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ.

ಮೂಲೆಹೊಳೆಯ ಗೇಟು

ಈವರೆಗೆ ಹೇಳಿದ ವಾದವನ್ನು ಒರೆಗೆ ಹಚ್ಚುವ ಬಗೆಯೊಂದಿದೆ. ಒಳಗಿರುವುದು ಪೂರ್ತಿಯಾಗಿಯೇ ಇದ್ದು ದಾರಿಯೊಂದೇ ಇಲ್ಲವೆಂಬುದು ನಿಜವಾದರೆ, ದಾರಿ ಕೊಟ್ಟ ಕ್ಷಣ ಅದು ಬೇರೇನೂ ಸೇರಿಸದೆ ನಡೆಯಬೇಕು. 2000ದ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್ ಕ್ರಿಸ್ಟಲ್’ನಲ್ಲಿ ಅಂಥ ಪ್ರಸಂಗವೊಂದಿತ್ತು. ‘ಜಿಎಸ್ ಬಾಲ್’ ಎಂಬ ಚೆಂಡನ್ನು ಅಜೇಲಿಯಾ ಊರಿನ ಕರ್ಟ್ ಎಂಬ ಕುಶಲಕರ್ಮಿಗೆ ಕೊಡಬೇಕು, ಅವನು ಪರಿಶೀಲಿಸಿ ಹಿಂದಿರುಗಿಸಿದ ಮೇಲೆ ಐಲೆಕ್ಸ್ ಕಾಡಿನ ಗುಡಿಯಲ್ಲಿ ಇಡಬೇಕು, ಆಗ ಸೆಲೆಬಿ ಎಂಬ ಪ್ರಾಣಿ ಪ್ರತ್ಯಕ್ಷ. ಚೆಂಡು ಸಿಗುತ್ತಿದ್ದದ್ದು ಗೇಮ್ ಬಾಯ್ ಅನ್ನು ಮೊಬೈಲ್ ಫೋನಿಗೆ ಜೋಡಿಸುವ ಅಡಾಪ್ಟರಿನ ಮೂಲಕ. ಆ ಸೇವೆ ಜಪಾನಿನ ಹೊರಗೆ ಬರಲೇ ಇಲ್ಲ, ಅಲ್ಲಿಯೂ 2002ರ ಕೊನೆಗೆ ನಿಂತಿತು. ಇಂಗ್ಲಿಷ್ ಆವೃತ್ತಿಯ ಬಿಲ್ಲೆಯಲ್ಲಿ ಕರ್ಟ್‌ನ ಮಾತುಗಳಿದ್ದವು, ಗುಡಿಯಿತ್ತು, ಸೆಲೆಬಿಯೂ ಇತ್ತು. ಚೆಂಡನ್ನು ಕೈಗೆ ಕೊಡುವವರು ಇರಲಿಲ್ಲ.

ಗುಂಡ್ಲುಪೇಟೆಯವರಿಗೆ ಇದು ಪರಿಚಿತ ದೃಶ್ಯ. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ತಡೆ. ಅನುಮತಿ ಇರುವ ಕೆಲವು ಬಸ್ಸುಗಳು, ತುರ್ತು ವಾಹನಗಳು ದಾಟುತ್ತವೆ, ಮಿಕ್ಕವು ಮದ್ದೂರಿನ ಈಚೆ, ಮೂಲೆಹೊಳೆಯ ಆಚೆ ಸಾಲುಗಟ್ಟುತ್ತವೆ. ಗೇಟು ಬಿದ್ದಿತೆಂದು ಯಾರೂ ಡಾಂಬರು ಕಿತ್ತಿಲ್ಲ. ಮೈಲಿಗಲ್ಲು, ತಿರುವಿನ ಫಲಕ, ಸೇತುವೆ ಎಲ್ಲ ಕತ್ತಲಲ್ಲಿ ಹಾಗೇ ಇರುತ್ತವೆ.

2018ರ ಜನವರಿಯಲ್ಲಿ ನಿಂಟೆಂಡೊ ತನ್ನ ‘3ಡಿಎಸ್’ ಯಂತ್ರಕ್ಕೆ ಅದೇ ಹಳೆಯ ಕ್ರಿಸ್ಟಲ್ ಅನ್ನು ಮತ್ತೆ ಬಿಡುಗಡೆ ಮಾಡಿತು. ಈ ಬಾರಿ ಆಟದ ಕೊನೆಯ ಕಾಳಗ ಗೆದ್ದವರಿಗೆ ಜಿಎಸ್ ಬಾಲ್ ತಾನಾಗಿ ಸಿಗುವಂತೆ ಮಾಡಿದ್ದರು. ಇಂಗ್ಲಿಷ್ ಆವೃತ್ತಿಯಲ್ಲಿ ಅದುವರೆಗೆ ಯಾರೂ ಈ ಚೆಂಡು ತಂದುಕೊಡದಿದ್ದ ಕರ್ಟ್ ಅದನ್ನು ತೆಗೆದುಕೊಂಡು, ನಾಳೆ ಬಾ ಎಂದ. ಮರುದಿನ ಹಿಂದಿರುಗಿಸಿದ. ಗುಡಿಯ ಮುಂದೆ ಸೆಲೆಬಿ ಬಂದಿತು, 30ನೇ ಹಂತದ್ದು, ಬರೆದಿಟ್ಟಿದ್ದಂತೆಯೇ. ಓಕ್ ಮೇಷ್ಟ್ರಿಗೆ ಮಾತ್ರ ಯಾರೂ ಇನ್ನೂ ಗೇಟು ತೆಗೆದಿಲ್ಲ. 70ನೇ ಹಂತದ ಗ್ಯಾರಡೋಸ್ ಅವರ ಸಾಲಿನ ಕಡೆಯಲ್ಲಿ ಹಾಗೇ ಇದೆ.